ರೈಟ್ರು ಆರಿಸಿದ ಲೈಟು

ತೀರ್ಥಪ್ರಸಾದರ ಗ್ರಹಚಾರಕ್ಕೆ ಅವರ ಹೆಂಡತಿ ಯಮುನ ಒಂದು ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಾ, "ಹೊಸಮನೆ ಹಾಲ್‌ಗೆ ಎಂಥ ಲೈಟು ಬೇಕು ಅಂತ ನೀವೇ ಆರಿಸಿ. ನಿಮಗೆ ಹೇಗೆ ಇಷ್ಟವೋ ಹಾಗೆ" ಎಂದುಬಿಟ್ಟಳು.

ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಆರಿಸಿದ್ದು ಒಂದನ್ನೇ, ಯಮುನಳನ್ನು. ಅದೂ ಅವರ ತಾಯಿ ಬೆರಳು ತೋರಿಸಿದ ಮೇಲೆ. ಬೆಳ್ಯಪ್ಪನವರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ ಯಾವ ಆಳು ಯಾವ ತೋಟಕ್ಕೆ, ಯಾವ ಗಿಡ ಇವತ್ತು ಕೊಯ್ಯುವುದು, ಯಾವುದು ನಾಳೆಗೆ ಬಿಡುವುದು ಎಂದು ಇನ್ನೂರು ಜನಕ್ಕೆ ಹೇಳುತ್ತಿದ್ದ ಬಾಯಿ, ಮನೆಯ ಹೊಸ್ತಿಲು ದಾಟಿದ ಕೂಡಲೇ ತಾನಾಗಿ ಬೀಗ ಹಾಕಿಕೊಳ್ಳುತ್ತಿತ್ತು. ರಿಟೈರಾದರೂ ಊರಿಗೆಲ್ಲ ಅವರು ರೈಟ್ರೇ.

ಇಂಥ ರೈಟ್ರಿಗೆ ಅಧಿಕಾರ ಸಿಕ್ಕಿತು ನೋಡಿ, ನೆತ್ತಿಗೇರಿತು. ಸಂಪಾಜೆಯಲ್ಲಿರುವ ಯಮುನಳ ತಮ್ಮ ಸೋಮಯ್ಯನಿಗೆ ಫೋನು ಹಚ್ಚಿ ಹೇಳಿಕೊಂಡರು.

"ಲೈಟು ನೀವು ಆರಿಸೋದಾ ಭಾವ?" ಸೋಮಯ್ಯ ನಕ್ಕ ನಗುವಿಗೆ ಫೋನು ಕೈಯಿಂದ ಬೀಳಬೇಕು. "ಬಸ್ಸಲ್ಲಿ ಕಿಟಕಿ ಪಕ್ಕ ಕೂರೋದಾ, ಈಚೆ ಕೂರೋದಾ ಅಂತ ಯೋಚಿಸ್ತಾ ಸುಂಟಿಕೊಪ್ಪದಿಂದ ಮಡಿಕೇರಿವರೆಗೆ ನಿಂತೇ ಹೋದ ಜನ ಅಲ್ವಾ ನೀವು!"

"ಮನೆ ಒಕ್ಕಲಿನ ಹಿಂದಿನ ದಿನ ಸಂಜೆ ಆರು ಗಂಟೆಗೆ ನೀನು ಬರುವಾಗ ಹಾಲ್‌ನಲ್ಲಿ ಲೈಟು ಉರೀತಾ ಇರ್ತದೆ. ನಾನೇ, ನನ್ನ ಸ್ವಂತ ಬುದ್ಧಿಯಿಂದ ಆರಿಸಿದ್ದು! ಇಲ್ಲದಿದ್ರೆ ಈ ಮೀಸೆ ಬೋಳಿಸ್ತೇನೆ!"

ಮೀಸೆ ಎಂದರೆ ಅಂತಿಂಥದ್ದಲ್ಲ. ಆ ತುದಿಗೊಂದು ಈ ತುದಿಗೊಂದು ಕಾಗೆ ಕೂತು ಜಗಳವಾಡುವಷ್ಟು ಜಾಗವಿತ್ತು. ಯಮುನಳಿಗೆ ಮಾತ್ರ ಅದನ್ನು ಕಂಡರಾಗದು. ಪಾಯಸ ಬಡಿಸಿದರೆ ಅರ್ಧ ಹೊಟ್ಟೆಗೆ, ಅರ್ಧ ಮೀಸೆಗೆ ಎಂದು ಮದುವೆಯಾದಂದಿನಿಂದ ಗೊಣಗಿ, ಈಚೆಗೆ ಯಾಕೋ ಸುಮ್ಮನಾಗಿದ್ದಳು.

ಆ ಒಕ್ಕಲಿನ ಹಿಂದಿನ ದಿನ ಬಂದೇ ಬಂತು. ಹೊಸಮನೆಯ ಹಾಲ್ ಎಂದರೆ ಸುಂಟಿಕೊಪ್ಪದ ಆಸುಪಾಸಿನಲ್ಲೆಲ್ಲ ಮಾತು. ಕೊಯ್ದ ಕಾಫಿ ತುಂಬಿಡುವ ಬೆಳ್ಯಪ್ಪನವರ ಹಳೆಯ ಸ್ಟೋರಿನ ಒಂದು ಭಾಗ ಕೆಡವಿದಾಗ ಸಿಕ್ಕಿದ ನಾಲ್ಕು ಹಲಸಿನ ತೊಲೆ ತಂದು, ಮೇಲೆ ಹಂಚು ಹೊದಿಸಿ, ಕೆಳಗಿನಿಂದ ಕಾಣುವ ಹಾಗೆ ಬಿಟ್ಟಿದ್ದರು. ಒಂದೊಂದು ತೊಲೆಯೂ ಆನೆ ಬಂದು ಬೆನ್ನುಜ್ಜಿದರೂ ಅಲುಗದಂಥದ್ದು.

ವೈರ್‌ಮನ್ ಜವರ ಬೆಳಿಗ್ಗೆ ಎಂಟಕ್ಕೇ ಏಣಿ ಹಾಕಿ ಕೂತಿದ್ದ. ನಡುವಿನ ಒಂದು ತೊಲೆಯಿಂದ ಮೂರು ವೈರು ಇಳಿಬಿಟ್ಟಿದ್ದ.

"ಮೂರು ಯಾಕೋ? ನಾನಿನ್ನೂ ಲೈಟೇ ಆರಿಸಿಲ್ಲ."

"ತೊಲೇಲಿ ಹಳೇ ಕೊಕ್ಕೆ ಮೂರಿದ್ವಲ್ಲ ರೈಟ್ರೇ, ಇರ್ಲಿ ಅಂತ. ನೀವು ಬೇಗ ಆರಿಸಿ. ಐದೂವರೆ ಬಸ್ಸಿಗೆ ನಾನು ಹೊರಟೆ. ನಾಳೆಯಿಂದ ಕುಟ್ಟದಲ್ಲಿ ಒಂದು ತಿಂಗಳ ಕೆಲಸ."

ಒಂದು ತಿಂಗಳು! ಕೊಡಗಿನಲ್ಲಿ ಹುಲಿ ಬೇಕಾದರೂ ಎರಡನೇ ಸಲ ಕಣ್ಣಿಗೆ ಬಿದ್ದೀತು, ಬಿಟ್ಟುಹೋದ ವೈರ್‌ಮನ್ ಬೀಳುವುದಿಲ್ಲ. ರೈಟ್ರು ಗಾಬರಿಯಲ್ಲಿ ಕುಶಾಲನಗರಕ್ಕೆ ಓಡಿ, ಅಂಗಡಿಯವನ ಕೈಕಾಲು ಹಿಡಿದು, ಬೇಡದ್ದನ್ನು ವಾಪಸ್ ಕೊಡುವ ಮಾತಿನ ಮೇಲೆ ಸಿಕ್ಕಿದ್ದನ್ನೆಲ್ಲ ಆಟೋದಲ್ಲಿ ತುಂಬಿಸಿ ತಂದರು. ಬಂದು ನೋಡಿದರೆ ಹಾಲ್‌ನಲ್ಲಿ ಜನ. ಪಕ್ಕದ ಮನೆಯ ಪದ್ಮಾಕ್ಷಿ ಟೀಚರು, ಬೆಳ್ಯಪ್ಪನವರ ಹೆಂಡತಿ ತಂಗಮ್ಮ, ನಾಳೆಯ ಹೋಮಕ್ಕೆ ಜಾಗ ನೋಡಲು ಬಂದ ಜನಾರ್ದನ ಭಟ್ಟರು, ಎಲ್ಲರೂ ಕಾಫಿ ಲೋಟ ಹಿಡಿದು ತಲೆ ಮೇಲೆತ್ತಿ ಕೂತಿದ್ದರು, ಜಾತ್ರೆಯಲ್ಲಿ ದೊಂಬರಾಟ ನೋಡುವವರ ಹಾಗೆ.

"ಗೊಂಚಲು ಲೈಟೇ ಹಾಕಿ" ಎಂದರು ಪದ್ಮಾಕ್ಷಿ ಟೀಚರು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಈಗ ದೊಡ್ಡವರಿಗೆ ಹೇಳುತ್ತಾರೆ. "ಮನೆಗೊಂದು ಗಾಂಭೀರ್ಯ ಬೇಡ್ವಾ?"

ಗೊಂಚಲು ಏರಿತು. ಏರಿದ್ದೇ ಸರಿ, ಅರ್ಧ ಹಾಲ್‌ಗೆ ಇಳಿಯಿತು. ತೊಲೆಯೇ ತಗ್ಗು, ಅದರ ಕೆಳಗೆ ಗೊಂಚಲಿನ ಸರಪಳಿ, ಸರಪಳಿಯ ಕೆಳಗೆ ನೂರೆಂಟು ಗಾಜಿನ ಮಣಿ. ಅಷ್ಟರಲ್ಲಿ "ಏನು ರೈಟ್ರೇ, ಆಯ್ತಾ?" ಎನ್ನುತ್ತ ಬೆಳ್ಯಪ್ಪನವರು ಒಳಬಂದರು. ಆರೂಕಾಲು ಅಡಿಯ ಆಳು, ಮಿಲಿಟರಿಯಲ್ಲಿದ್ದವರು, ತಲೆ ಬಗ್ಗಿಸಿ ಗೊತ್ತಿಲ್ಲ. ನೇರ ಬಂದು ಗೊಂಚಲಿನೊಳಗೆ ತಲೆ ತೂರಿಸಿ ನಿಂತರು. ಮಣಿಯೆಲ್ಲ ಕಿವಿಯ ಸುತ್ತ ಜೋತಾಡಿ, ನಾಟಕದ ದುರ್ಯೋಧನನ ಕಿರೀಟ ಇಟ್ಟ ಹಾಗಾಯಿತು.

"ಯಾರದು ಲೈಟ್ ಆಫ್ ಮಾಡಿದ್ದು?" ಎಂದು ಕಿರೀಟದೊಳಗಿಂದ ಗುಡುಗಿದರು.

ಅವರನ್ನು ಬಿಡಿಸಲು ಜವರನಿಗೆ ಕಾಲುಗಂಟೆ ಹಿಡಿಯಿತು. ಹಣೆಗೆ ಅರಿಶಿನ ಮೆತ್ತಿಸಿಕೊಂಡು ಅವರು ಬಂದ ದಾರಿಯಲ್ಲೇ ಹೋದರು. ಪದ್ಮಾಕ್ಷಿ ಟೀಚರು ಮಾತ್ರ, "ಲೈಟಿನ ತಪ್ಪಲ್ಲ ಅದು. ಎತ್ತರದ ತಪ್ಪು" ಎಂದರು.

ತಂಗಮ್ಮ ಬಿಡುತ್ತಾರೆಯೇ? "ನೇತಾಡೋದೇ ಬೇಡ ಮಾರಾಯ್ರೆ. ತೊಲೆ ಉದ್ದಕ್ಕೆ ಬಣ್ಣದ ಪಟ್ಟಿ ಲೈಟ್ ಅಂಟಿಸಿ. ಹೋಮ್‌ಸ್ಟೇಗಳಲ್ಲೆಲ್ಲ ಈಗ ಅದೇ."

ಅಂಟಿಸಿದ್ದಾಯಿತು. ಸ್ವಿಚ್ಚು ಒತ್ತಿದ್ದೇ ತೊಲೆ ಕೆಂಪಾಯಿತು, ಹಸಿರಾಯಿತು, ನೇರಳೆಯಾಯಿತು, ಮಿಣಮಿಣ ಎಂದು ಓಡತೊಡಗಿತು. ಸಂಪಾಜೆ ಘಾಟಿ ಇಳಿಯುವ ಟೂರಿಸ್ಟ್ ಬಸ್ಸು ಸೀದಾ ಮನೆಯೊಳಗೆ ನುಗ್ಗಿದ ಹಾಗೆ. ಹೊರಗಿದ್ದ ನಾಯಿ ಒಮ್ಮೆ ಇಣುಕಿ ನೋಡಿ, ಬಾಲ ಕಾಲ ನಡುವೆ ಸೇರಿಸಿ ಓಡಿದ್ದು ಮೂರು ದಿನ ಪತ್ತೆಯಿಲ್ಲ. ಭಟ್ಟರ ಬಿಳಿ ಪಂಚೆ ಕ್ಷಣಕ್ಕೊಂದು ಬಣ್ಣವಾಗುತ್ತಿತ್ತು.

"ರೈಟ್ರೇ, ನಾಳೆ ನಾನಿಲ್ಲಿ ಗಣಹೋಮ ಮಾಡ್ಬೇಕಾ, ಡ್ಯಾನ್ಸ್ ಮಾಡ್ಬೇಕಾ? ಮೊದಲೇ ಹೇಳಿಬಿಡಿ."

"ನೀವೇ ಹೇಳಿ ಭಟ್ರೇ, ಏನು ಹಾಕ್ಲಿ?" ರೈಟ್ರ ದನಿ ಅಳುವ ಹಾಗಿತ್ತು.

"ಎರಡು ಟ್ಯೂಬ್‌ಲೈಟ್ ಬಡೀರಿ. ಆ ಗೋಡೆಗೊಂದು, ಈ ಗೋಡೆಗೊಂದು. ದೇವರಿಗೂ ಸಾಕು, ಮನುಷ್ಯರಿಗೂ ಸಾಕು."

ಅದನ್ನೂ ಬಡಿದರು. ಹಂಚಿನ ಮಾಡಿಗೆ ತಾಗುವ ಹಾಗೆ ಗೋಡೆಯ ತುದಿಯಲ್ಲಿ ಬಡಿದ ಟ್ಯೂಬ್‌ಲೈಟಿನ ಬೆಳಕನ್ನು ನಾಲ್ಕು ತೊಲೆಗಳು ನಾಲ್ಕು ಕಡೆ ತುಂಡು ಮಾಡಿದವು. ಕೂತವರ ಮುಖದ ಮೇಲೆ ಒಂದು ಪಟ್ಟಿ ಕಪ್ಪು, ಒಂದು ಪಟ್ಟಿ ಬಿಳಿ. ತಂಗಮ್ಮನಿಗೆ ಮೂಗು ಇತ್ತು, ಬಾಯಿ ಇರಲಿಲ್ಲ. ಟೀಚರಿಗೆ ಬಾಯಿ ಮಾತ್ರ ಇತ್ತು.

"ಅಯ್ಯಪ್ಪಾ, ಇದೆಂತ ಇದು, ಜೈಲಿನ ಕಂಬಿ ಹಿಂದೆ ಕೂತ ಹಾಗಿದೆ!" ಎಂದರು ತಂಗಮ್ಮ. "ಯಮುನಾ, ನೀನಾದ್ರೂ ಬಾಯಿ ಬಿಡು."

ಯಮುನ ಖಾಲಿ ಲೋಟ ಎತ್ತುತ್ತಾ, "ನನ್ನನ್ನು ಕೇಳ್ಬೇಡಿ ಅಕ್ಕ. ಅವರಿಗೆ ಹೇಗೆ ಇಷ್ಟವೋ ಹಾಗೆ. ನೀವೇ ಏನಾದ್ರೂ ಬುದ್ಧಿ ಹೇಳಿ ಅವರಿಗೆ" ಎಂದಳು.

ಹೇಳಿದರು ನೋಡಿ! ಒಬ್ಬರು ಗೊಂಚಲನ್ನು ಮೂಲೆಗೆ ಹಾಕಿ ಎಂದರು, ಒಬ್ಬರು ಪಟ್ಟಿ ಲೈಟನ್ನು ಒಂದೇ ಬಣ್ಣ ಮಾಡಿ ಎಂದರು, ಭಟ್ಟರು ತೊಲೆಯನ್ನೇ ತೆಗೆಸಿ ಎಂದರು. ರೈಟ್ರ ತಲೆ ಕಣಜದ ಗೂಡಿಗೆ ಕಲ್ಲು ಬಿದ್ದ ಹಾಗಾಯಿತು.

"ಸಾಕು! ಎಲ್ರೂ ಸುಮ್ನಿರಿ! ಇದು ನನ್ನ ಮನೆ, ನನ್ನ ಲೈಟು, ನನ್ನ ಮೀಸೆ!" ಎಂದು ಕೂಗಿ ಚಪ್ಪಲಿ ಮೆಟ್ಟಿದರು.

"ಹೊರಗೆ ಹೋಗೋದೇ ಆದ್ರೆ," ಎಂದಳು ಯಮುನ ಹಿಂದಿನಿಂದ, "ಬೆಳ್ಯಪ್ಪನವರ ಸ್ಟೋರಿಂದ ನಾಲ್ಕು ಗೋಣಿಚೀಲ ತನ್ನಿ. ನಾಳೆ ಅಡುಗೆಯವರಿಗೆ ಬೇಕು."

ಸ್ಟೋರಿನ ಉಳಿದ ಭಾಗದಲ್ಲಿ ನರಪಿಳ್ಳೆ ಇರಲಿಲ್ಲ. ಕೊಯ್ಲು ಮುಗಿದು ತಿಂಗಳಾಗಿತ್ತು. ಧೂಳೆಂದರೆ, ಅದರಲ್ಲಿ ಅವರೆ ಬಿತ್ತಿದರೆ ಮೊಳೆಯಬೇಕು, ಅಷ್ಟು. ರೈಟ್ರು ಗೋಣಿಚೀಲದ ರಾಶಿಯ ಮೇಲೆ ಕುಸಿದು ಕೂತರು. ಗಂಟೆ ಮೂರೂವರೆ. ಮೀಸೆಯನ್ನು ಕೊನೆಯ ಸಲ ಎಂಬಂತೆ ಸವರಿಕೊಂಡು ತಲೆಯೆತ್ತಿದರೆ, ಎದುರಿನ ಮೇಜಿನ ಮೇಲೆ ಮೂರು ಹಸಿರು ಶೇಡು!

ತಗಡಿನವು. ಮೇಲೆ ಹಸಿರು, ಒಳಗೆ ಹಾಲಿನಂಥ ಬಿಳಿ, ಅನ್ನ ಬಸಿಯುವ ತಟ್ಟೆಯಷ್ಟಗಲ. ಹಿಂದೆ ಇದೇ ಸ್ಟೋರಿನ ನಡುವಿನ ತೊಲೆಯಿಂದ ನೇತಾಡುತ್ತಿದ್ದವು. ಅವುಗಳ ಕೆಳಗೆ ಕೂತು ಮೂವತ್ತು ವರ್ಷ ರೈಟ್ರು ಹೆಸರು ಕರೆದಿದ್ದರು, ಕಾಫಿ ತೂಗಿಸಿದ್ದರು, ಯಮುನ ಬುತ್ತಿ ತಂದರೆ ಉಂಡಿದ್ದರು. ಮಿಂಚು ಹೊಡೆದ ಹಾಗಾಯಿತು. ಸ್ಟೋರಿನ ತೊಲೆಗೆ ಸ್ಟೋರಿನ ಲೈಟು! ಈ ಬುದ್ಧಿ ಯಾವ ಟೀಚರಿಗೆ ಬಂದೀತು, ಯಾವ ಭಟ್ಟರಿಗೆ ಬಂದೀತು? ಆ ಸಂಭ್ರಮದಲ್ಲಿ, ಅಷ್ಟು ಧೂಳಿನ ನಡುವೆ ಈ ಮೂರೇ ಶೇಡು ತೊಳೆದ ಬೆಳ್ಳಿ ಬಟ್ಟಲಿನ ಹಾಗೆ ಯಾಕೆ ಫಳಫಳ ಎನ್ನುತ್ತಿವೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ಬೆಳ್ಯಪ್ಪನವರು ಅರಿಶಿನದ ಹಣೆಯಲ್ಲಿ ಜಗಲಿಯ ಮೇಲೆ ಕೂತಿದ್ದರು. ಒಂದು ಮೊಳೆ ಕೇಳಿದರೂ "ಯಾಕೆ, ಎಲ್ಲಿಗೆ, ಯಾವಾಗ ವಾಪಸ್ಸು?" ಎನ್ನುವ ಜನ, ಅವತ್ತು ರೈಟ್ರು ಬಾಯಿ ತೆರೆಯುವ ಮೊದಲೇ "ತಗೊಂಡು ಹೋಗಿ, ತಗೊಂಡು ಹೋಗಿ" ಎಂದು ಕೈಬೀಸಿದರು. ತಲೆಗೆ ಪೆಟ್ಟು ಜೋರಾಗಿಯೇ ಬಿದ್ದಿದೆ ಎಂದುಕೊಂಡು ರೈಟ್ರು ಶೇಡುಗಳನ್ನು ಎದೆಗವಚಿ ಓಡಿದರು. ಗೋಣಿಚೀಲ ಅಲ್ಲೇ ಉಳಿಯಿತು.

ಐದು ಗಂಟೆಗೆ ಮೂರು ಶೇಡೂ ಮೂರು ಹಳೆಯ ಕೊಕ್ಕೆಗೆ ಏರಿದವು. ತವರಿಗೆ ಬಂದ ಹೆಣ್ಣುಮಕ್ಕಳ ಹಾಗೆ ಹೋಗಿ ಕೂತವು. ಭಟ್ಟರು ಕೂಡ "ಹ್ಞೂಂ, ಪರವಾಗಿಲ್ಲ" ಎಂದರು.

"ಬಲ್ಬ್ ಕೊಡಿ ರೈಟ್ರೇ" ಎಂದ ಜವರ ಏಣಿಯ ಮೇಲಿಂದ.

ರೈಟ್ರು ಕೊಟ್ಟರು.

"ಇದಲ್ಲ. ಇದು ಪಿನ್ ಬಲ್ಬು. ಇವು ಸ್ಟೋರಿನ ಹೋಲ್ಡ್ರು, ತಿರುಪಿ ಹಾಕೋ ದೊಡ್ಡ ಬಲ್ಬೇ ಆಗ್ಬೇಕು. ಸುಂಟಿಕೊಪ್ಪದಲ್ಲಿ ಸಿಗಲ್ಲ. ಮಡಿಕೇರೀಲಿ ಸಿಕ್ಕಿದ್ರೆ ನಿಮ್ಮ ಪುಣ್ಯ."

ಆಗಲೇ ಫೋನು. "ಭಾವಾ, ಮಡಿಕೇರಿ ದಾಟಿದೆ. ಮೀಸೆ ಇನ್ನೂ ಇದ್ಯಾ?"

ರೈಟ್ರು ಏಣಿಯ ಬುಡದಲ್ಲೇ ಕೂತುಬಿಟ್ಟರು. ಜವರ ಗಡಿಯಾರ ನೋಡಿದ. ಪದ್ಮಾಕ್ಷಿ ಟೀಚರು, "ಆ ಗೊಂಚಲೇ..." ಎಂದು ಶುರುಮಾಡಿದವರು ರೈಟ್ರ ಕಣ್ಣು ನೋಡಿ ನಿಲ್ಲಿಸಿದರು. ಯಮುನ ಒಳಗೆ ಹೋದಳು. ಅಕ್ಕಿಡಬ್ಬದ ಮುಚ್ಚಳ ತೆರೆದ ಸದ್ದು ಕೇಳಿಸಿತು. ಸೆರಗಿನಲ್ಲಿ ಅಕ್ಕಿಕಾಳು ಉದುರಿಸುತ್ತಾ ಬಂದು ಮೂರು ಬಲ್ಬು ಜವರನ ಕೈಗಿತ್ತಳು. ದೊಡ್ಡವು. ತಿರುಪಿನವು.

ಸ್ವಿಚ್ಚು ಒತ್ತಿದರೆ, ಏನು ಹೇಳುವುದು! ಜೇನು ಸುರಿದ ಹಾಗೆ ಬೆಳಕು. ತೊಲೆಯ ಒಂದೊಂದು ಎಳೆಯೂ ಹೊಳೆಯಿತು. ತಂಗಮ್ಮನಿಗೆ ಮೂಗು ಬಾಯಿ ಎರಡೂ ವಾಪಸ್ಸು ಬಂದವು. ಆರು ಗಂಟೆಗೆ ಜೀಪಿಳಿದು ಬಂದ ಸೋಮಯ್ಯ ಬಾಗಿಲಲ್ಲೇ ನಿಂತ.

"ಭಾವ, ಇದು ನಿಜವಾಗ್ಲೂ ನೀವು ಆರಿಸಿದ್ದಾ?"

"ಮತ್ತೆ? ಸ್ವಂತ ಬುದ್ಧಿ!" ರೈಟ್ರು ಮೀಸೆಯ ಎರಡು ತುದಿಯನ್ನೂ ಹುರಿ ಮಾಡಿದರು. ಅವತ್ತಿನ ಹುರಿಗೆ ಬೇಕಾದರೆ ಎಮ್ಮೆ ಕಟ್ಟಬಹುದಿತ್ತು.

ಜವರ ಐದೂವರೆ ಬಸ್ಸಿಗೆ ಆಗಲೇ ಓಡಿದ್ದ. ಉಳಿದವರೆಲ್ಲ ಮತ್ತೆ ಕಾಫಿಗೆ ಕೂತರು. ಆಗ ರೈಟ್ರಿಗೆ ಒಂದು ಅಕ್ಕಿಕಾಳು ಕಾಲಿಗೆ ಸಿಕ್ಕಿ, ತಲೆಗೆ ಚುಚ್ಚಿತು. ಮೆಲ್ಲಗೆ ಅಡುಗೆಮನೆಗೆ ಹೋದರು.

"ಯಮುನಾ, ಆ ಬಲ್ಬು ಯಾವಾಗ ತಂದದ್ದು?"

"ಹೋದ ತಿಂಗಳು. ಮಡಿಕೇರಿಗೆ ಹೋಗಿದ್ದೆನಲ್ಲ."

"ಹೋದ ತಿಂಗಳು ನಮ್ಮ ಹತ್ರ ಆ ಶೇಡು ಎಲ್ಲಿತ್ತು?"

"ಬೆಳ್ಯಪ್ಪನವರ ಅಟ್ಟದಲ್ಲಿ. ಕೇಳಿಟ್ಟಿದ್ದೆ. ಮೊನ್ನೆ ಹೋಗಿ ಹುಣಿಸೆಹುಳಿ ಹಾಕಿ ತಿಕ್ಕಿ ಮೇಜಿನ ಮೇಲಿಟ್ಟು ಬಂದೆ. ಏನು ಕೊಳೆ ಅಂತೀರಿ!"

"ಜವರನ ಮೂರು ವೈರು?"

"ಹೇಳಿದ್ದೆ."

ರೈಟ್ರು ಹಾಲ್ ಕಡೆ ಬೆರಳು ತೋರಿಸಿದರು. "ಇವರೆಲ್ಲ? ಗೊಂಚಲು, ಪಟ್ಟಿ, ಟ್ಯೂಬ್‌ಲೈಟು... ಅವರಿಗೂ ನೀನೇ ಹೇಳಿಕೊಟ್ಟದ್ದಾ?"

"ಛೆ ಛೆ, ಅವರಿಗೆ ಹೇಳಿಕೊಡೋದು ಬೇಕಾ? ಬುದ್ಧಿ ಹೇಳಿ ಅಂದ್ರೆ ಸಾಕು."

"ಹಾಗಾದ್ರೆ ಆರಿಸಿದ್ದು ನೀನು!"

"ನಾನೆಲ್ಲಿ? ನೀವೇ. ನಾನು ಇಟ್ಟಲ್ಲಿಂದ."

ಹಿಂದೆ ಯಾರೋ ಕೆಮ್ಮಿದರು. ನೀರು ಕುಡಿಯಲು ಬಂದ ಸೋಮಯ್ಯ, ಖಾಲಿ ಚೊಂಬು ಹಿಡಿದು ನಿಂತಿದ್ದ.

"ಭಾವಾ," ಎಂದ, ಬಲು ಪ್ರೀತಿಯಿಂದ, "ಮೀಸೆ?"

ರೈಟ್ರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕನ್ನಡಿಯ ಎದುರು ನಿಂತರು. ಕೊಟ್ಟ ಮಾತು ಒಂದು ಕಡೆ, ಮೂವತ್ತು ವರ್ಷದ ಮೀಸೆ ಇನ್ನೊಂದು ಕಡೆ. ಹೊರಗೆ ಆಗಲೇ ಗುಂಪು ಸೇರಿತ್ತು.

"ಪೂರ್ತಿ ಬೇಡ, ತುದಿ ಮಾತ್ರ ಕತ್ತರಿಸಿ. ಒಂದು ಗಾಂಭೀರ್ಯ ಇರ್ಲಿ" ಎಂದರು ಪದ್ಮಾಕ್ಷಿ ಟೀಚರು.

"ಬಣ್ಣ ಹಚ್ಚಿದ್ರೆ ಇರ್ಬಹುದು" ಎಂದರು ತಂಗಮ್ಮ.

"ಸೂರ್ಯ ಮುಳುಗಿದ ಮೇಲೆ ಕ್ಷೌರ ನಿಷಿದ್ಧ" ಎಂದರು ಭಟ್ಟರು.

"ಯಮುನಾ!" ರೈಟ್ರು ಒಳಗಿನಿಂದ ಕೂಗಿಕೊಂಡರು. "ನೀನೇ ಹೇಳು. ಇರ್ಲಾ, ತೆಗೀಲಾ?"

ಅಡುಗೆಮನೆಯಿಂದ ಪಾಯಸಕ್ಕೆ ಬೆಲ್ಲ ಕುಟ್ಟುವ ಸದ್ದು ಒಂದು ಗಳಿಗೆ ನಿಂತಿತು.

"ನನ್ನನ್ನು ಯಾಕೆ ಕೇಳ್ತೀರಿ? ನಿಮಗೆ ಹೇಗೆ ಇಷ್ಟವೋ ಹಾಗೆ. ನೀವೇ ಆರಿಸಿ."

ರೈಟ್ರು ಕಣ್ಣು ತಗ್ಗಿಸಿದರು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಬಿಸಿನೀರಿನ ಲೋಟದ ಪಕ್ಕ, ಒಂದು ಹೊಸ ರೇಜರು ಫಳಫಳ ಹೊಳೆಯುತ್ತಾ ಕಾದಿತ್ತು.