ದೊಡ್ಡಮ್ಮನ ಗಂಟಲಿಗೆ ಅಂಕ

ನಮ್ಮ ದೊಡ್ಡಮ್ಮ ಮಂಗಳೂರಿನಲ್ಲೇ ಅತ್ಯಂತ ಅಪಾಯಕಾರಿ ಹೆಂಗಸು! ಇದು ನನ್ನ ಮಾತಲ್ಲ, ನಾನು ನರ್ಸ್ ಆಗಿರುವ, ಅವರು ರೋಗಿಯಾಗಿ ಸೇರಿದ್ದ ಮಾನಸಿಕ ವಾರ್ಡಿನ ತೀರ್ಮಾನ. ರೋಗಿ ಇವತ್ತು ಯಾರ ಮೇಲಾದರೂ ಕೈ ಮಾಡಬಹುದೇ ಎಂದು ನಾವು ಪ್ರತಿ ಬೆಳಿಗ್ಗೆ ಅಂದಾಜು ಮಾಡುತ್ತೇವೆ. ಕಿರುಚಿದರೆ ಅಂಕ, ಬೆದರಿಸಿದರೆ ಅಂಕ. ಅಂಕ ಏರಿದರೆ ಬೀಗದ ಕೋಣೆ, ಇಳಿದರೆ ಮನೆ.

ನದಿಯಾಚೆ ಬೆಂಗ್ರೆಯ ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ನನ್ನ ಪರೀಕ್ಷೆಗಳ ಹಾಗೆ ಇಲ್ಲೂ ಅಂಕ ಜಾಸ್ತಿ ಬಂದಷ್ಟೂ ಒಳ್ಳೆಯದೆಂದು ದೊಡ್ಡಮ್ಮ ತಿಳಿದದ್ದು ತಪ್ಪೇ?

"ನನಗೆಷ್ಟು ಮಗಾ? ಪಕ್ಕದ ಬೆಡ್ಡಿನವಳಿಗಿಂತ ಜಾಸ್ತಿ ಉಂಟಾ?"

"ಉಂಟು" ಎಂದರೆ ಕಿಟಕಿ ಅದುರುವ ನಗು. ಅದಕ್ಕೂ ಅಂಕ!

ಮೀನು ಇಳಿಸುವ ದಕ್ಕೆಯಲ್ಲಿ ಬೋಟಿನ ಎಂಜಿನ್ ಸದ್ದನ್ನು ಮೀರಿ ಮೀನು ಮಾರಿದ ಗಂಟಲದು. ಒಂದು ದಿನ ಊಟದ ಸಾರು ನೋಡಿ, "ಇದನ್ನು ಮಾಡಿದವನನ್ನು ಸೀಳಿ ಉಪ್ಪು ಹಾಕ್ತೇನೆ!" ಎಂದರು. ಘಟ್ಟದ ಮೇಲಿನಿಂದ ಬಂದ ಡಾಕ್ಟರು ಬೆಚ್ಚಿದರು.

"ಕೊಲೆ ಬೆದರಿಕೆಯಾ ಸಿಸ್ಟರ್?"

"ಅಲ್ಲ ಸರ್, ಸಾರಿನ ವಿಮರ್ಶೆ."

ಕಾಯಿಲೆ ಸುಳ್ಳಲ್ಲ. ನೀರಿಗೆ ಯಾರೋ ವಿಷ ಹಾಕುತ್ತಾರೆಂದು ನಿದ್ದೆಗೆಟ್ಟು ಬಾವಿ ಕಾಯುತ್ತಿದ್ದರು. ಆದರೆ ಕಾಯಿಲೆ ಏರಿದಾಗ ಅವರು ಪಿಸುಗುಟ್ಟುತ್ತಾರೆ.

"ಮೆಲ್ಲಗೆ ಮಾತಾಡ್ತಿದ್ದಾರೆ ಸರ್, ಹತ್ತಿರ ಹೋಗಬೇಡಿ" ಎಂದು ಅಂಥ ಒಂದು ದಿನ ಎಚ್ಚರಿಸಿದ್ದೆ.

"ಮೆಲ್ಲಗೆ ಮಾತಾಡಿದ್ರೆ ಒಳ್ಳೇದಲ್ವಾ?" ಎಂದು ಡಾಕ್ಟರು ನಡೆದರು. ಸ್ಟೀಲ್ ತಟ್ಟೆ ಅವರ ಕಿವಿ ಸವರಿಕೊಂಡು ಗೋಡೆಗೆ ಬಡಿಯಿತು. ಅಂದು ಬೆಳಿಗ್ಗೆ ಹಾಕಿದ್ದ ಅಂಕ? ಸೊನ್ನೆ!

ಮದ್ದು ಹಿಡಿಯಿತು. ನಿದ್ದೆ ಬಂತು, ಬಾವಿ ಮರೆತುಹೋಯಿತು, ಗಂಟಲು ಮರಳಿತು. ಅಂಕ ಮತ್ತೆ ಏರಿತು. ಗುಣವಾದಷ್ಟೂ ಅಪಾಯಕಾರಿ! ಮನೆಗೆ ಕಳಿಸುವ ಮಾತೇ ಇಲ್ಲ.

"ನಮ್ಮ ಕಡೆ ಮಾತಾಡುವುದೇ ಹೀಗೆ ಸರ್."

"ಸಿಸ್ಟರ್, ನೀವು ಓದಿದವರು. ಹಾಗೆಲ್ಲ ಹೇಳಬಾರದು."

ಓದಿದವರು! ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು. ಕಡೆಗೆ ನಾನೇ ದೊಡ್ಡಮ್ಮನಿಗೆ ಹೇಳಿಕೊಟ್ಟೆ: "ಮನೆಗೆ ಹೋಗಬೇಕಾದ್ರೆ ಬಾಯಿ ಬಿಡಬೇಡಿ. ಏನು ಕೇಳಿದ್ರೂ 'ಹೂಂ' ಅಷ್ಟೇ."

ಮರುದಿನದಿಂದ ದೊಡ್ಡಮ್ಮ ಮಡಿಲಲ್ಲಿ ಕೈಯಿಟ್ಟು ಕೂತರು. ಹೂಂ. ಹೂಂ. ಡಾಕ್ಟರಿಗೆ ಪರಮ ಸಂತೋಷ. ನನಗೋ, ಯಾರದೋ ಮನೆಯ ಹೆಂಗಸನ್ನು ನೋಡಿದಂತೆ. ವಾರ ಕಳೆಯುವುದರೊಳಗೆ ಮನೆಗೆ ಕಳಿಸಿದರು.

ಆಟೋದಲ್ಲೂ ಹೂಂ. ನಾವು ನದಿ ದಡ ಮುಟ್ಟುವಾಗ ಬೆಂಗ್ರೆಯ ಫೆರಿ ಹಗ್ಗ ಬಿಚ್ಚಿ ಹೊರಟಾಗಿತ್ತು. ದೊಡ್ಡಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು.

"ಕೂಗ್ಲಾ ಮಗಾ?" ಎಂದು ಮೆಲ್ಲಗೆ ಕೇಳಿದರು. "ಅಂಕ ಹಾಕುವುದಿಲ್ಲ ಅಲ್ವಾ?"

ನನಗೆ ತಡವಾದಾಗಲೆಲ್ಲ ಆಚೆ ದಡದಿಂದ ಕೂಗಿ, ಹೊರಟ ಫೆರಿಯನ್ನು ತಿರುಗಿಸಿ, ನನ್ನನ್ನು ಕಾಲೇಜಿಗೆ ಹತ್ತಿಸಿದ್ದು ಇದೇ ಗಂಟಲು. "ಕೂಗಿ ದೊಡ್ಡಮ್ಮ" ಎನ್ನಲು ಹೋದೆ. ನನ್ನ ಬಾಯಿಂದ ಬಂದದ್ದು 'ಹೂಂ' ಅಷ್ಟೇ.