ಎರವಲು ಕೊಡದ ಕಾರು

ಬೆಳಗಿನಿಂದ ಸಂಜೆಯ ತನಕ ಕೇಳಿದವರಿಗೆಲ್ಲ ಕೇಳಿದ್ದನ್ನು ಎರವಲು ಕೊಡುವುದೇ ಕಸುಬಾಗಿರುವ ಮನುಷ್ಯ, ಮನೆಗೆ ಬಂದ ಮೇಲೆ ಒಂದು ಸುತ್ತಿಗೆಯನ್ನೂ ಯಾರಿಗೂ ಕೊಡುವುದಿಲ್ಲ ಎಂದರೆ ಅದನ್ನು ಜಿಪುಣತನ ಅನ್ನಬಾರದು, ಅನುಭವ ಅನ್ನಬೇಕು. ನಮ್ಮ ಗ್ರಂಥಪಾಲಕರು ಹಾಗೆಯೇ ಅನ್ನುತ್ತಿದ್ದರು. (ಅವರ ಹೆಂಡತಿ ಏನನ್ನುತ್ತಿದ್ದರು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.) ನೆಟ್ಟಗೆ ಹೋದ ಪುಸ್ತಕ ಕಿವಿ ಮಡಚಿಕೊಂಡು ಬರುವುದನ್ನು, ಅಡುಗೆಯ ಪುಸ್ತಕ ಮೈಯೆಲ್ಲ ಎಣ್ಣೆ ಬಳಿದುಕೊಂಡು ಬರುವುದನ್ನು, ಪತ್ತೇದಾರಿ ಕಾದಂಬರಿ ಸರಿಯಾಗಿ ಕೊನೆಯ ಹಾಳೆಯನ್ನೇ ಕಳೆದುಕೊಂಡು ಬರುವುದನ್ನು ವರ್ಷಗಟ್ಟಲೆ ನೋಡಿದ ಮನುಷ್ಯ ಕಾರನ್ನು ಯಾವ ಧೈರ್ಯದ ಮೇಲೆ ಕೊಡಬೇಕು, ನೀವೇ ಹೇಳಿ.

ಆದರೆ 'ಕೊಡಲ್ಲ' ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವ ಎದೆಗಾರಿಕೆಯೂ ಅವರಿಗಿರಲಿಲ್ಲ. ದಾಕ್ಷಿಣ್ಯ. ಹಾಗಾಗಿ ಮಹಡಿ ಮನೆಯ ನಿವೃತ್ತ ಪೋಸ್ಟ್‌ಮಾಸ್ತರು ಕಾರು ಕೇಳಿದಾಗ, "ಬ್ರೇಕು ಒಂದೊಂದು ಸಲ ಹಿಡಿಯುತ್ತೆ, ಒಂದೊಂದು ಸಲ ಇಲ್ಲ" ಎಂದರು. ಹೆಂಡತಿಯ ತಮ್ಮ ಕೇಳಿದಾಗ, "ಗೇರೇ ಬೀಳ್ತಾ ಇಲ್ಲಪ್ಪ" ಎಂದರು. ಮೂಲೆಮನೆಯ ಪಾಠದ ಮೇಷ್ಟರಿಗೆ ಹಿಂದಿನ ಬಾಗಿಲು ಓಡುತ್ತಿರುವಾಗಲೇ ತೆರೆದುಕೊಳ್ಳುತ್ತದೆ ಎಂಬ ಭೀಕರ ವಾರ್ತೆ ಮುಟ್ಟಿತು. ಅಸಲಿಗೆ ಆ ಕಾರು ಹತ್ತು ವರ್ಷದಲ್ಲಿ ಒಂದು ದಿನವೂ ನೆಗಡಿ ಎಂದು ಮಲಗಿದ್ದಿಲ್ಲ.

ಕಾರು ಸಾಕುವುದು ಸುಲಭ, ಸುಳ್ಳು ಸಾಕುವುದು ಕಷ್ಟ. ಪೋಸ್ಟ್‌ಮಾಸ್ತರು ಬಾಲ್ಕನಿಯಲ್ಲಿ ನಿಂತಿದ್ದರೆ ಗ್ರಂಥಪಾಲಕರು ಗೇಟಿನ ಕಂಬಕ್ಕೆ ಮೆತ್ತಗೆ ಮುಟ್ಟಿಸಿ ಕಾರು ನಿಲ್ಲಿಸಬೇಕು. ಭಾವಮೈದುನ ಎದುರಾದರೆ ಮೊದಲನೆಯ ಗೇರಿನಲ್ಲೇ ನರಳುತ್ತ ಬೀದಿ ದಾಟಬೇಕು. ಯಾರಿಗೆ ಯಾವ ರೋಗ ಹೇಳಿದ್ದೆ ಎಂದು ನೆನಪಿಟ್ಟುಕೊಂಡೇ ಅವರ ಅರ್ಧ ಆಯಸ್ಸು ಸವೆದಿತ್ತು. ಕೊನೆಗೊಂದು ದಿನ ಊಟಕ್ಕೆ ಕೂತಾಗ ಜ್ಞಾನೋದಯವಾಯಿತು.

"ಇದನ್ನ ಕೊಟ್ಟು ಹೊಸ ಕಾರು ತಗೊಳ್ಳೋಣ ಕಣೇ."

ಅವರ ಹೆಂಡತಿ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೆಲಸಕ್ಕಿದ್ದವರು. ದಿನವಿಡೀ ಊರಿನ ಗೋಳನ್ನೆಲ್ಲ ಕೇಳಿಸಿಕೊಂಡು ಬಂದ ಆ ಕಿವಿಗಳಿಗೆ ಗಂಡನ ಗೋಳು ಲೆಕ್ಕಕ್ಕಿಲ್ಲ.

"ಇದಕ್ಕೇನು ಧಾಡಿ ಬಂದಿದೆ?"

"ಏನೂ ಬಂದಿಲ್ಲ."

"ಮತ್ತೆ?"

"ಬಂದಿದೆ ಬಂದಿದೆ ಅಂತ ಹೇಳ್ಕೊಂಡು ತಿರುಗಿ ನನಗೇ ಸುಸ್ತಾಗಿದೆ. ಹಳೇ ಕಾರು ಅಂದ್ರೆ ಎಲ್ಲರಿಗೂ ಸಸಾರ. ಹೊಸದನ್ನ ಕೇಳೋದಕ್ಕೆ ಯಾರಿಗೂ ಬಾಯಿ ಬರಲ್ಲ."

"ಅದು ಕಾರಿನ ತೊಂದರೆ ಅಲ್ಲ ರೀ, ನಿಮ್ಮ ನಾಲಿಗೇದು. ಯಾರಾದ್ರೂ ತಗೊಂಡ್ರೆ ಅದನ್ನೇ ಕೊಟ್ಟು ಹೊಸದು ಹಾಕಿಸ್ಕೊಂಡು ಬನ್ನಿ."

ಮೂರು ದಿನ ಮುಖ ಊದಿಸಿಕೊಂಡು ಓಡಾಡಿದ ಮೇಲೆ ಒಂದು ಒಪ್ಪಂದವಾಯಿತು. ಹಳೆಯದಕ್ಕೆ ಒಳ್ಳೆಯ ಬೆಲೆ ಬಂದರೆ ಹೊಸ ಕಾರಿನ ಮಾತು. ಬರಲಿಲ್ಲವೋ, ಇನ್ನೊಂದು ಹತ್ತು ವರ್ಷ ಇದೇ ಕಾರು, ಇದೇ ಸುಳ್ಳು, ತುಟಿಪಿಟಿಕ್ ಅನ್ನುವ ಹಾಗಿಲ್ಲ.

ಭಾನುವಾರ ಕಾರಿನ ಶೋರೂಮಿನಿಂದ ಬೆಲೆ ಕಟ್ಟುವವನು ಬಂದ. ಗುಂಡಗಿನ, ಮಾತು ಕಡಿಮೆಯ ಮನುಷ್ಯ. ಕೈಯಲ್ಲೊಂದು ಟಾರ್ಚು, ತಗಡಿನ ತಗ್ಗಿಗೆ ಎಲ್ಲಾದರೂ ಪುಟ್ಟಿ ಮೆತ್ತಿ ಮುಚ್ಚಿದ್ದಾರೆಯೇ ನೋಡಲು ಒಂದು ಅಯಸ್ಕಾಂತ. ಅವನು ಬಾನೆಟ್ಟಿನೊಳಗೆ ತಲೆ ತೂರಿಸಿದ್ದನೋ ಇಲ್ಲವೋ, ಮಹಡಿಯಿಂದ ಪೋಸ್ಟ್‌ಮಾಸ್ತರು ಇಳಿದು ಬಂದರು.

"ಅಂತೂ ಮೆಕ್ಯಾನಿಕ್ಕನ್ನ ಕರೆಸಿದ್ರಲ್ಲ ಸ್ವಾಮಿ, ಒಳ್ಳೇದಾಯ್ತು." ಆಮೇಲೆ ಬಾನೆಟ್ಟಿನ ಕಡೆ ಬಗ್ಗಿ, "ನೋಡಪ್ಪಾ, ಮೊದಲು ಬ್ರೇಕ್ ನೋಡು. ಇವರು ಗೇಟಿನ ಕಂಬಕ್ಕೆ ಗುದ್ದಿ ನಿಲ್ಲಿಸೋದನ್ನ ನಾನೇ ಕಣ್ಣಾರೆ ನೋಡಿದೀನಿ. ಪಾಪ, ಹೇಳ್ಕೊಳ್ಳೋದಿಲ್ಲ."

ಬೆಲೆ ಕಟ್ಟುವವನು "ಹೂಂ" ಎಂದು ಮೊಬೈಲಿನಲ್ಲಿ ಏನೋ ಒತ್ತಿದ. ಅಷ್ಟರಲ್ಲಿ, ಭಾನುವಾರದ ಊಟಕ್ಕೆ ಎಂದೂ ತಪ್ಪಿಸಿಕೊಳ್ಳದ ಭಾವಮೈದುನನ ಸವಾರಿಯೂ ಬಂತು.

"ಬ್ರೇಕ್ ಇರಲಿ, ಗೇರ್ ನೋಡಿ ಮೊದಲು," ಎಂದ ಅವನು. "ಆಮೇಲೆ ಹಿಂದಿನ ಬಾಗಿಲು. ಮೂಲೆಮನೆ ಮೇಷ್ಟ್ರು ಹೇಳ್ತಿದ್ರು, ಹಗ್ಗ ಕಟ್ಕೊಂಡು ಕೂರಬೇಕಂತೆ."

ಮತ್ತೊಂದು "ಹೂಂ". ಗ್ರಂಥಪಾಲಕರಿಗೆ ಮೈಯೆಲ್ಲ ಉರಿದುಹೋಯಿತು. ಎಂದೂ ಹತ್ತು ರೂಪಾಯಿ ಬಿಚ್ಚದ ಜನ, ಇವತ್ತು ಪುಕ್ಕಟೆ ಉಪಕಾರ ಮಾಡುತ್ತಿದ್ದಾರೆ. ನುಂಗುವಂತಿಲ್ಲ, ಉಗುಳುವಂತಿಲ್ಲ.

"ಅದೆಲ್ಲ ಸರಿಹೋಗಿದೆ," ಎಂದರು ಹಲ್ಲು ಕಚ್ಚಿಕೊಂಡು.

"ಯಾವಾಗ ಭಾವ? ಮಂಗಳವಾರ ಕೇಳಿದಾಗ ಗೇರೇ ಬೀಳಲ್ಲ ಅಂದ್ರಿ."

"ಬುಧವಾರ ಸರಿಹೋಯ್ತು."

"ಬುಧವಾರ ನನಗೆ ಬ್ರೇಕಿಲ್ಲ ಅಂದ್ರಲ್ಲ ಸ್ವಾಮಿ?" ಎಂದರು ಪೋಸ್ಟ್‌ಮಾಸ್ತರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಕಳವಳವಿತ್ತು, ಅದೇ ಇನ್ನೂ ಕಷ್ಟ.

ಬಾಗಿಲಿಗೆ ಒರಗಿ ಬಟಾಣಿ ಸುಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. ಆದರೆ ಭುಜ ಕುಲುಕುತ್ತಿತ್ತು.

ಬೆಲೆ ಕಟ್ಟುವವನು ಕಾರಿನ ಕೆಳಗೆ ಹೋಗಿ ಬಂದ. "ಇವರು ಹೇಳೋದು ಒಂದೂ ಕಾಣಿಸ್ತಿಲ್ಲ ಸಾರ್. ಓಡಿಸಿ ತೋರಿಸಿ."

ಅವನು ಮುಂದೆ ಕೂತ. ಪೋಸ್ಟ್‌ಮಾಸ್ತರು, "ನಾನೂ ಇದ್ರೆ ನೀವು ನಿಧಾನಕ್ಕೆ ಹೋಗ್ತೀರಿ" ಎಂದು ಹಿಂದೆ ಕೂತರು. ಭಾವಮೈದುನನೂ ಹತ್ತಿದ. ಇಂಥ ತಮಾಷೆ ಬಿಟ್ಟಾರೆಯೇ, ಬಟಾಣಿ ಬುಟ್ಟಿಯ ಸಮೇತ ಹೆಂಡತಿಯೂ ಹತ್ತಿದರು.

ಹೀಗೆ ಗ್ರಂಥಪಾಲಕರು ಅಡಕತ್ತರಿಯಲ್ಲಿ ಸಿಕ್ಕಿಕೊಂಡರು. ಚೆನ್ನಾಗಿ ಓಡಿಸಿದರೆ ಹಿಂದಿನ ಸೀಟಿನವರ ಮುಂದೆ ಮಾನ ಹೋಗುತ್ತದೆ, ಕೆಟ್ಟದಾಗಿ ಓಡಿಸಿದರೆ ಮುಂದಿನ ಸೀಟಿನವನ ಕೈಯಲ್ಲಿ ಬೆಲೆ ಹೋಗುತ್ತದೆ. ಅವರು ಎರಡನ್ನೂ ಒಟ್ಟಿಗೆ ಮಾಡಲು ನೋಡಿದರು. ಪಕ್ಕದವನ ಕಡೆಯ ಕೆನ್ನೆಯಲ್ಲಿ ಆತ್ಮವಿಶ್ವಾಸದ ನಗು, ಕನ್ನಡಿಯಲ್ಲಿ ಹಿಂದಿನವರಿಗೆ ಕಾಣುವ ಕಣ್ಣುಗಳಲ್ಲಿ ಪ್ರಾಣಭಯ. ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು, ಅವರು ಬಾಯಿಯಲ್ಲಿ "ಉಶ್ಶ್" ಎಂದು ಏದುಸಿರು ಬಿಡುತ್ತಿದ್ದರು. ತಿರುವಿನಲ್ಲಿ ಒಂದು ನೀರಿನ ಟ್ಯಾಂಕರು ಹೇಳದೆ ಕೇಳದೆ ಹಿಂದಕ್ಕೆ ಬಂತು. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕಾರು ನಿಂತಿತು. ಬುಟ್ಟಿಯೊಳಗಿನ ಬಟಾಣಿಯೂ ಅಲುಗಲಿಲ್ಲ.

"ನಿಂತಿತು," ಎಂದರು ಪೋಸ್ಟ್‌ಮಾಸ್ತರು.

"ಇವತ್ತು ನಿಂತಿತು," ಎಂದರು ಗ್ರಂಥಪಾಲಕರು.

"ಇವತ್ತು ಅಂದ್ರೆ?" ಎಂದ ಬೆಲೆ ಕಟ್ಟುವವನು. "ಇಳೀರಿ ಸಾರ್, ನಾನು ಓಡಿಸ್ತೀನಿ."

ಅವನು ಓಡಿಸಿದ. ಏರಿನಲ್ಲಿ, ಇಳಿಜಾರಿನಲ್ಲಿ, ಹಳ್ಳದಲ್ಲಿ. ಆ ಅಯೋಗ್ಯ ಕಾರು ಎಲ್ಲಿಯೂ ಒಂದು ಕೆಮ್ಮು ಕೆಮ್ಮಲಿಲ್ಲ. ಮನೆಯ ಮುಂದೆ ನಿಲ್ಲಿಸಿ ಅವನು ಆ ದಿನದ ಅತ್ಯಂತ ಉದ್ದದ ಭಾಷಣ ಮಾಡಿದ.

"ಇಷ್ಟು ಹಳೇ ಕಾರು ಇಷ್ಟು ಚೆನ್ನಾಗಿರೋದನ್ನ ನಾನು ನೋಡಿಲ್ಲ. ಒಂದು ದೋಷ ಇಲ್ಲ. ಬಾಗಿಲು, ಬ್ರೇಕು, ಗೇರು, ಎಲ್ಲ ಮೊದಲಿಂದಾನೂ ಸರಿಯಾಗೇ ಇತ್ತು ಅನ್ಸುತ್ತೆ."

ಅವನು ಹೇಳಿದ ಬೆಲೆ ಕೇಳಿ ಗ್ರಂಥಪಾಲಕರ ಕಣ್ಣಿಗೆ ಹೊಸ ಕಾರಿನ ಬಣ್ಣವೂ ಕಂಡುಬಿಟ್ಟಿತು. ಹಿಂದಕ್ಕೆ ತಿರುಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಯಾರಾದರೂ ಬೈದಿದ್ದರೆ ವಾಸಿಯಿತ್ತು.

ಪೋಸ್ಟ್‌ಮಾಸ್ತರು ಗಂಟಲು ಸರಿಮಾಡಿಕೊಂಡರು. "ಆ ಬೆಲೆಗೆ ನಾನೇ ತಗೋತೀನಿ ಸ್ವಾಮಿ."

"ಇದನ್ನಾ? ಇದರ ಬ್ರೇಕು..." ಎಂದು ಅಭ್ಯಾಸಬಲದಿಂದ ಶುರುಮಾಡಿದ ಗ್ರಂಥಪಾಲಕರು ಅಲ್ಲಿಗೇ ಬಾಯಿ ಮುಚ್ಚಿಕೊಂಡರು.

"ಧಾರಾಳವಾಗಿ ತಗೊಳ್ಳಿ," ಎಂದರು ಹೆಂಡತಿ. "ಗೊತ್ತಿರೋರ ಮನೇಲಿ ಇರುತ್ತೆ."

ಪೋಸ್ಟ್‌ಮಾಸ್ತರು ಕೀಯನ್ನು ಮೆಟ್ಟಿಲ ಪಕ್ಕದ ಮೊಳೆಗೆ ನೇತುಹಾಕಿದರು. ಬೇಕಾದವರು ಒಂದು ಮಾತು ಹೇಳಿ ತೆಗೆದುಕೊಂಡು ಹೋಗುವುದು. ಸೋಮವಾರ ಭಾವಮೈದುನ ಒಯ್ದ, ಗುರುವಾರ ಪಾಠದ ಮೇಷ್ಟರು. ಕೆಸರು ಮೆತ್ತಿಕೊಂಡು ಬಂದರೆ ಪೋಸ್ಟ್‌ಮಾಸ್ತರು ಸಿಡಿಮಿಡಿ ಇಲ್ಲದೆ ತೊಳೆಯುತ್ತಿದ್ದರು. ಗ್ರಂಥಪಾಲಕರು ಕಿಟಕಿಯ ಪರದೆ ಎಳೆದುಕೊಳ್ಳುತ್ತಿದ್ದರು, ನೋಡಲಾಗುತ್ತಿರಲಿಲ್ಲ.

ಶನಿವಾರ ಶರ್ಟಿಗೆ ಇಸ್ತ್ರಿ ಹಾಕಿಕೊಂಡು, "ನಡಿ, ಹೊಸ ಕಾರು ಬುಕ್ ಮಾಡಿ ಬರೋಣ" ಎಂದರು.

"ಯಾಕೆ ರೀ?" ಎಂದರು ಹೆಂಡತಿ, ದೂರು ವಿಭಾಗದ ಪ್ರಶಾಂತ ದನಿಯಲ್ಲಿ. "ಮೇಲಿನ ಮನೇಲಿ ಕಾರಿದೆಯಲ್ಲ. ನಿನ್ನೆ ನಾನು ಕೇಳಿದೆ, ಕೊಟ್ರು. ಕೇಳಿದ್ರೆ ಸಿಗುತ್ತೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ."

"ಒಳ್ಳೇ ಬೆಲೆ ಬಂದ್ರೆ ಹೊಸದು ಅಂದಿದ್ದೆ ನೀನು."

"ಹೊಸದರ ಮಾತು ಅಂದಿದ್ದೆ. ಮಾತಾಡಿ ಆಯ್ತಲ್ಲ. ದುಡ್ಡಲ್ಲಿ ಸ್ನಾನದ ಮನೆ ಸೋರೋದನ್ನ ನಿಲ್ಲಿಸೋಣ. ಹೊಸ ಕಾರು ಬಂದ್ರೆ ಅದಕ್ಕೊಂದು ಹೊದಿಕೆ, ಅದಕ್ಕೊಂದು ವಿಮೆ, ಅದಕ್ಕೊಂದಿಷ್ಟು ಹೊಸ ಸುಳ್ಳು. ಯಾಕೆ ಬೇಕು?"

ಮಾರನೆಯ ವಾರ ಊರಾಚೆ ಒಂದು ಸಭೆ, ಅತ್ತ ಕಡೆಗೆ ಬಸ್ಸಿಲ್ಲ. ಗ್ರಂಥಪಾಲಕರು ಮಹಡಿ ಮೆಟ್ಟಿಲು ಹತ್ತಿದರು. ಏನು ಕೇಳಿದರೆ ಏನು ಉತ್ತರ ಕೊಡಬೇಕು ಎಂದು ಮೆಟ್ಟಿಲಿಗೊಂದರಂತೆ ಜೋಡಿಸಿಕೊಂಡರು. ಅಂಗಲಾಚುವುದಕ್ಕೂ ತಯಾರಿದ್ದರು. ಬಾಗಿಲು ತೆರೆದ ಪೋಸ್ಟ್‌ಮಾಸ್ತರು ಇವರು ಬಾಯಿ ಬಿಡುವ ಮೊದಲೇ ಮೊಳೆಯ ಮೇಲಿನ ಕೀಯನ್ನು ತೆಗೆದು ಕೈಗಿಟ್ಟರು.

"ತಗೊಳ್ಳಿ ಸ್ವಾಮಿ, ಪೆಟ್ರೋಲ್ ತುಂಬಿಸಿದೀನಿ."

"ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು, ಏನೂ ಕೇಳಲ್ವಾ?"

"ಕೇಳೋದೇನಿದೆ?"

"ಏನಾದ್ರೂ ಒಂದು ಕೇಳಿ." ಗ್ರಂಥಪಾಲಕರ ದನಿ ಬಹುತೇಕ ಅಳುವ ಹಾಗಿತ್ತು. "ಇಲ್ಲಾಂದ್ರೆ, ಕೊಡಕ್ಕಾಗಲ್ಲ ಅಂತಲಾದ್ರೂ ಹೇಳಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

ಪೋಸ್ಟ್‌ಮಾಸ್ತರು ಅವರ ಭುಜ ತಟ್ಟಿ ನಕ್ಕರು.

"ಸಂಕೋಚ ಬೇಡ ಸ್ವಾಮಿ. ನಿಮ್ಮದೇ ಕಾರು ಅಂತ ತಿಳ್ಕೊಳ್ಳಿ."