ಬಿಗಿಯಂತ್ರ ಮತ್ತು ಹುಲುಗಪ್ಪನ ಮೂರು ಜೀಪುಗಳು

ಪಂಪಾಪತಿ ಮೇಷ್ಟ್ರು ಅಲುಗಾಡುವ ಸ್ಟೂಲೊಂದನ್ನು ಅಂಗಳದ ನಡುವೆ ಇಟ್ಟು, ಅದರೆದುರು ತಮ್ಮ ಬಿಗಿಯಂತ್ರವನ್ನು ಕೂರಿಸಿ ಗುಂಡಿ ತಿರುವಿದರು. ಯಂತ್ರ ಸೊಳ್ಳೆಯ ಹಾಗೆ ಗುಂಯ್‌ಗುಟ್ಟಿತು. ಯಾರೂ ಮುಟ್ಟದೆಯೇ ಸ್ಟೂಲಿನ ಸ್ಕ್ರೂಗಳು ಗರಗರ ತಿರುಗಿ ಬಿಗಿಯಾದವು! ವಿಜ್ಞಾನ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ಸ್ಟೂಲಿನ ಮೇಲೆ ಹತ್ತಿ ಎರಡು ಸಲ ಕುಪ್ಪಳಿಸಿಯೂ ತೋರಿಸಿದರು.

“ಯಾವ ಕಡೆ ತಿರುಗಬೇಕು ಅಂತ ಅದಕ್ಕ ಹೆಂಗ ಗೊತ್ತಾಗತೈತ್ರಿ?” ಎಂದು ಮೆಕ್ಯಾನಿಕ್ ದಸ್ತಗೀರಸಾಬರು ಕೇಳಿದರು.

“ಇದರ ಮುಂದ ಕೈ ಸುತ್ತಿಸಿದ್ರ ಕಲೀತೈತಿ, ಸಾಬರೆ. ಕಡೀ ಸಲ ಯಾವ ಕಡೆ ಸುತ್ತಿಸಿದ್ವೋ ಅದನ್ನ ನೆನಪಿಟ್ಕೊಳ್ತೈತಿ.”

ತಾನು ತಿರುಗಿಸಿದ ಸ್ಕ್ರೂಗಳನ್ನು ಎಣಿಸಿ, ಎಷ್ಟು ಸಡಿಲವಿದ್ದವೆಂದೂ ಹೇಳುತ್ತದೆ ಎಂದು ಮೇಷ್ಟ್ರು ಯಂತ್ರದ ಗಾಜು ತೋರಿಸಿದರು. ಅಲ್ಲಿ ಹನ್ನೆರಡು ಎಂದು ಮೂಡಿತ್ತು.

ಆ ಹನ್ನೆರಡನ್ನು ದಸ್ತಗೀರಸಾಬರು ಬಗ್ಗಿ ಎರಡೆರಡು ಸಲ ನೋಡಿದರು. ಮೂವತ್ತು ವರ್ಷದಿಂದ ಹೊಸಪೇಟೆಯಲ್ಲಿ ಹಳೇ ಗಾಡಿ ಕೊಳ್ಳುವವರು ಮೊದಲು ಕರೆಯುತ್ತಿದ್ದುದು ಅವರನ್ನೇ. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರೆಂದರೆ ಗಾಡಿಯ ಹುಳುಕೆಲ್ಲ ಬಯಲು. ಈಗ ಒಂದು ಡಬ್ಬಿ ಅಂಕಿ ಹಾಕಿ ಹೇಳತೊಡಗಿದರೆ ಅವರ ಕಿವಿಯನ್ನು ಕೇಳುವವರು ಯಾರು?

ಮೇಷ್ಟ್ರಿಗೆ ಒಂದು ಹಳೇ ಜೀಪು ಬೇಕಿತ್ತು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವಂಥದ್ದು, ಗುಡ್ಡ ಹತ್ತುವಂಥದ್ದು, ಮುಖ್ಯವಾಗಿ ದಿನಾ ಬಿಚ್ಚಿ ಜೋಡಿಸಲು ಬರುವಂಥದ್ದು. ಹೆಂಡತಿ ಸುಭದ್ರಮ್ಮನವರು ಒಂದೇ ಷರತ್ತು ಹಾಕಿದ್ದರು: ಜೀಪು ತಾನೇ ಓಡಿಕೊಂಡು ಮನೆಗೆ ಬರಬೇಕು. ಹಿಂದೊಮ್ಮೆ ತಳ್ಳಿಕೊಂಡು ತಂದ ಸ್ಕೂಟರು ಆರು ವರ್ಷದಿಂದ ಪಡಸಾಲೆಯಲ್ಲಿ ಒದ್ದೆ ಟವೆಲ್ಲು ಹೊತ್ತು ನಿಂತಿತ್ತು.

ಗುಜರಿ ಹುಲುಗಪ್ಪನ ಹತ್ತಿರ ಮೂರು ಜೀಪುಗಳಿದ್ದವು: ಗಣಿಯಲ್ಲಿ ದುಡಿದ ಕೆಂಪು, ಕಾಡು ಸುತ್ತಿದ ಹಸಿರು, ಮದುವೆ ಬ್ಯಾಂಡಿನವರ ಹಳದಿ. ದಸ್ತಗೀರಸಾಬರು ಹಿಂದಿನ ದಿನವೇ ಮೂರಕ್ಕೂ ಕಿವಿ ಕೊಟ್ಟು ಬಂದಿದ್ದರು. ಕೆಂಪಿಗೆ ಎಂಜಿನ್ ಗಟ್ಟಿ, ಹಸಿರಿಗೆ ಗೇರ್ ಬಾಕ್ಸು ಗಟ್ಟಿ, ಹಳದಿಗೆ ಬರೀ ಮೈ ಗಟ್ಟಿ. ತಾವಾದರೆ ಕೆಂಪನ್ನೇ ಕೊಳ್ಳುವುದು ಎಂದಿದ್ದರು. ಯಂತ್ರವೂ ಒಂದು ಮಾತು ಹೇಳಲಿ ಎಂದು ಮೇಷ್ಟ್ರು ಪಟ್ಟು ಹಿಡಿದರು.

ಹೊರಡುವಾಗ ಸುಭದ್ರಮ್ಮನವರು ತಡೆದರು. ಹೊಸ ಯಂತ್ರ, ಊರವರ ಕಣ್ಣೆಲ್ಲ ಅದರ ಮೇಲೇ. ಉಪ್ಪು, ಸಾಸಿವೆ, ಒಣಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಯಂತ್ರದ ಮುಂದೆ ಬಲಕ್ಕೆ ಮೂರು ಸಲ, ಎಡಕ್ಕೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟೇಳಲಿಲ್ಲ. ದೃಷ್ಟಿ ಜೋರಾಗಿಯೇ ತಾಗಿತ್ತು, ಈಗ ಕಳೆಯಿತು ಎಂದು ಅವರಿಗೆ ಸಮಾಧಾನವಾಯಿತು.

ಗುಜರಿಯಂಗಳದಲ್ಲಿ ಹುಲುಗಪ್ಪ ಕುರ್ಚಿ ಹಾಕಿಕೊಂಡು ಕೂತ. ಮೇಷ್ಟ್ರು ಯಂತ್ರವನ್ನು ಕೆಂಪು ಜೀಪಿನ ಕಡೆ ತಿರುಗಿಸಿದರು. ಯಂತ್ರ ಗುಂಯ್ ಎಂದಿತು, ಜೀಪಿನಿಂದ ಧೂಳು ಉದುರಿತು, ಗಾಜಿನ ಮೇಲೆ ಅಂಕಿ ಓಡಿ ನಾನೂರ ಹನ್ನೆರಡಕ್ಕೆ ನಿಂತಿತು.

“ನಾನೂರ ಹನ್ನೆರಡು ಸಡಿಲ, ಸಾಬರೆ! ಇದನ್ನ ಗಟ್ಟಿ ಅಂದಿದ್ರಿ?”

ದಸ್ತಗೀರಸಾಬರು ಕಿರುಬೆರಳಿನಿಂದ ಕಿವಿ ತಿಕ್ಕಿಕೊಂಡರು. ವಯಸ್ಸು ಐವತ್ತೆಂಟು. ಕಿವಿ ಕೈಕೊಟ್ಟಿತೇ? ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯೇ ಆಯಿತು. ಅಷ್ಟರಲ್ಲಿ ಹಸಿರು ಜೀಪಿಗೆ ನಾನೂರ ಹದಿನೈದು ಬಂತು, ಹಳದಿಗೆ ನಾನೂರ ಒಂಬತ್ತು. ಮೂರರಲ್ಲಿ ಬ್ಯಾಂಡಿನವರ ಜೀಪೇ ಉತ್ತಮವೆಂದು ಮೇಷ್ಟ್ರು ತೀರ್ಪು ಕೊಟ್ಟರು.

ಆಗ ಒಂದು ನಟ್ಟು ಉರುಳಿಕೊಂಡು ಬಂದು ದಸ್ತಗೀರಸಾಬರ ಚಪ್ಪಲಿಗೆ ತಾಗಿ ನಿಂತಿತು. ಅವರು ಎತ್ತಿ ನೋಡಿದರು. ಅದು ಕೆಂಪು ಜೀಪಿನ ಗಾಲಿಯದು. ನಿನ್ನೆ ತಾವೇ ಪಾನಾ ಹಾಕಿ ಬಿಗಿ ನೋಡಿದ್ದ ನಟ್ಟು.

“ಮೇಷ್ಟ್ರ, ನಿಮ್ಮ ಯಂತ್ರ ಬಿಗಿ ಮಾಡಾಕಹತ್ತಿಲ್ಲ, ಬಿಚ್ಚಾಕಹತ್ತೈತಿ!”

ಮೇಷ್ಟ್ರು ಗಾಬರಿಯಿಂದ ಗುಂಡಿಗೆ ಕೈ ಹಾಕಿದರು. ಗುಂಡಿಯೇ ಕಳಚಿ ಕೈಗೆ ಬಂತು. ಯಂತ್ರಕ್ಕೆ ಹುರುಪು ಹೆಚ್ಚಿ ಸ್ವರ ಏರಿತು. ಕೆಂಪು ಜೀಪು ಮೊಣಕಾಲೂರಿ ಕೂತಿತು. ಹಸಿರಿನ ಬಾನೆಟ್ಟು ಜಾರಿತು, ಹಳದಿಯ ಸ್ಟೇರಿಂಗು ಸೀಟಿನ ಮೇಲೆ ಬಿದ್ದು ಮಲಗಿತು. ದಸ್ತಗೀರಸಾಬರ ಸೈಕಲ್ಲು ಎರಡು ಗಾಲಿ ಬೇರೆ, ಹ್ಯಾಂಡಲ್ ಬೇರೆ ಆಯಿತು. ಹುಲುಗಪ್ಪನ ಕನ್ನಡಕದ ಕಡ್ಡಿಗಳು ಕಳಚಿದವು. ಏನಾಯಿತೆಂದು ನೋಡಲು ಅವನು ಏಳುವ ಮೊದಲೇ ಕುರ್ಚಿ ಅವನನ್ನು ನೆಲಕ್ಕಿಳಿಸಿತು. ಕೊನೆಗೆ ಯಂತ್ರ ತನ್ನ ಸ್ಕ್ರೂಗಳನ್ನೂ ಒಂದೊಂದಾಗಿ ಬಿಚ್ಚಿಕೊಂಡು, ಚೂರುಚೂರಾಗಿ ಹರಡಿ ಸುಮ್ಮನಾಯಿತು.

ಅಂಗಳದ ತುಂಬ ಬಿಡಿಭಾಗಗಳು! ಮೂರು ಎಂಜಿನ್, ಮೂರು ಗೇರ್ ಬಾಕ್ಸು, ಎಲ್ಲವೂ ಒಂದೇ ಬಣ್ಣದ ತುಕ್ಕು. ಮೂರನ್ನೂ ಮೇಷ್ಟ್ರೇ ಒಯ್ಯಬೇಕೆಂದು ಹುಲುಗಪ್ಪ ನೆಲದ ಮೇಲಿಂದಲೇ ಕೂಗಾಡಿದ. ಯಾವುದು ಯಾವ ಜೀಪಿನದೆಂದು ಹೇಳುವವರು ಯಾರೆಂದು ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು.

“ನಾನದೀನಲ್ರೀ,” ಎಂದರು ದಸ್ತಗೀರಸಾಬರು.

ಸಣ್ಣ ಸುತ್ತಿಗೆಯಿಂದ ಮೊದಲ ಎಂಜಿನ್ನನ್ನು ತಟ್ಟಿದರು. ಬೊದ್ ಎಂದಿತು, ಒಳಗೆ ಬಿರುಕು, ಹಸಿರಿನದು. ಎರಡನೆಯದನ್ನು ತಟ್ಟಿದರು. ಠಣ್ ಎಂದ ನಾದ ಅಂಗಳದಲ್ಲೆಲ್ಲ ಹರಡಿತು, ಗಣಿಯ ಕೆಂಪು! ಕಿವಿ ಕೈಕೊಟ್ಟಿರಲಿಲ್ಲ. ದಸ್ತಗೀರಸಾಬರ ಕಣ್ಣು ತುಂಬಿತು, ಧೂಳು ಎಂದು ಒರೆಸಿಕೊಂಡರು. ಬೇರಿಂಗುಗಳನ್ನು ಒಂದೊಂದಾಗಿ ತಿರುಗಿಸಿ ಸ್ಕ್ರೂಡ್ರೈವರಿಟ್ಟು ಆಲಿಸಿದರು. ಕೆಂಪಿನ ಎಂಜಿನ್, ಹಸಿರಿನ ಗೇರ್ ಬಾಕ್ಸು, ಹಳದಿಯ ಮೈ ಆರಿಸಿ, ಮೂರರಿಂದ ಒಂದೇ ಗಟ್ಟಿ ಜೀಪು ಕಟ್ಟೋಣವೆಂದರು. ಹನ್ನೊಂದು ದಿನ ಮೇಷ್ಟ್ರು ಪಾನಾ ಕೊಡುವುದು, ಸಾಬರು ಬಿಗಿ ಮಾಡುವುದು. ನಡುನಡುವೆ ಮೇಷ್ಟ್ರು ಹೊಸ ಉಪಾಯ ಹೇಳಹೊರಟರೆ ಸಾಬರು ಕಿವಿಗೆ ಸ್ಕ್ರೂಡ್ರೈವರ್ ಇಟ್ಟುಕೊಂಡುಬಿಡುತ್ತಿದ್ದರು.

ಹನ್ನೆರಡನೆಯ ದಿನ ಕೆಂಪು ಬಾನೆಟ್ಟಿನ, ಹಸಿರು ಮಡ್‌ಗಾರ್ಡಿನ, ಹಳದಿ ಮೈಯ ಜೀಪೊಂದು ಗುಜರಿಯ ಹಿಂದಿನ ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿ ಇಳಿದು, ತಾನೇ ಓಡಿಕೊಂಡು ಮೇಷ್ಟ್ರ ಮನೆಗೆ ಬಂತು.

ಸುಭದ್ರಮ್ಮನವರು ಬಾಗಿಲಲ್ಲಿ ನಿಂತು, ನಡೆದ ಕತೆಯನ್ನೆಲ್ಲ ಸಾಬರ ಬಾಯಿಂದ ಕೇಳಿ ತಲೆದೂಗಿದರು.

“ನೋಡ್ರಿ ದಸ್ತಗೀರಣ್ಣ, ಅವತ್ತು ನಾನು ದೃಷ್ಟಿ ತೆಗೆದು ಕಳಿಸಿದ್ದಕ್ಕ ಇಷ್ಟರಾಗ ಮುಗೀತು,” ಎಂದು, ಅವತ್ತಿನಂತೆಯೇ ಬಲಕ್ಕೆ ಮೂರು ಸಲ, ಕಡೆಗೆ ಎಡಕ್ಕೆ ಮೂರು ಸಲ ಕೈ ಸುತ್ತಿಸಿ ತೋರಿಸಿದರು.